ಮುಳುಗಿದ ಹಡಗಿನ ಪುಣ್ಯ ಯಾರ ಖಾತೆಗೆ?

ಒಂದು ಕಾರ್ಯದಿಂದ ಮೊದಲು ಹಾನಿಯುಂಟಾಗಿ, ಕಾಲಾಂತರದಲ್ಲಿ ಆ ಹಾನಿಯ ದೆಸೆಯಿಂದಲೇ ಕೆಲವು ಜೀವಗಳಿಗೆ ಉಪಕಾರವೂ ಆದರೆ, ಆ ಉಪಕಾರವನ್ನು ಹಾನಿಗೆ ಕಾರಣನಾದವನ ಹೆಸರಿನಲ್ಲಿ ಜಮಾ ಮಾಡಬಹುದೇ? ಪ್ರಶ್ನೆ ಹಳೆಯದು. ಆದರೆ ಈಚಿನ ವರ್ಷಗಳಲ್ಲಿ ಅದು ನಮ್ಮ ಸಮಾಜದ ತರುಣರ ಬಾಯಿಂದ ಹೊಸ ರೂಪದಲ್ಲಿ ಕೇಳಿಬರುತ್ತಿದೆ. ಹೊಸಪೇಟೆಯಿಂದ ವಾಸ್ಕೊಗೆ ನೇರ ರೈಲು ಇರುವುದರಿಂದ ರಜೆಯ ದಿನಗಳಲ್ಲಿ ಗೋವೆಗೆ ಹೋಗಿಬರುವವರು ಬಹಳ. ಅವರಲ್ಲಿ ಕೆಲವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮರ್ಮಗೋವೆಯ ಭೂಶಿರದಾಚೆ ಇರುವ ಗ್ರಾಂಡೆ ದ್ವೀಪದ ಬಳಿ ನೀರಿಗಿಳಿಯುತ್ತಾರೆ. ಅಲ್ಲಿ ಹೆಚ್ಚು ಆಳವಿಲ್ಲದ ನೀರಿನಲ್ಲಿ, ಮುಳುಗುಗಾರರು ಸೂಜೀಸ್ ರೆಕ್ ಎಂದು ಕರೆಯುವ ಒಂದು ಹಳೆಯ ಭಗ್ನನೌಕೆ ಒರಗಿಕೊಂಡಿದೆ. ಅದನ್ನು ಕಂಡು ಬಂದ ತರುಣರು ಕೇಳುವ ಮಾತು ಇದು: “ಹಡಗು ಮುಳುಗಿತು, ನಷ್ಟವಾಯಿತು, ನಿಜ. ಆದರೆ ಇಂದು ಅದರ ಒಡಲಲ್ಲಿ ಸಾವಿರಾರು ಜೀವಗಳು ನೆಲೆಗೊಂಡಿವೆಯಲ್ಲ. ಹಾಗಾದರೆ ಅದು ಮುಳುಗಿದ್ದೇ ಒಳಿತಾಯಿತು ಎನ್ನಬಾರದೇಕೆ?”

ಕಡಲಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಮಲಪನಗುಡಿಯಲ್ಲಿ ಕುಳಿತು ಕಡಲ ತಳದ ಪ್ರಶ್ನೆಯನ್ನು ವಿಚಾರಿಸುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಈ ಪ್ರಶ್ನೆ ಕಡಲಿನದಷ್ಟೇ ಅಲ್ಲ, ನಮ್ಮ ಹೊಸಪೇಟೆ, ಸಂಡೂರು ಸೀಮೆಯದೂ ಹೌದು ಎಂಬುದು ಮುಂದೆ ಸ್ಪಷ್ಟವಾದೀತು.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಕಡಲ ತಳವು ಬಹುಭಾಗ ಕೆಸರು ಅಥವಾ ಮರಳಿನದು. ಅಂಟಿಕೊಂಡು ಬಾಳಬೇಕಾದ ಜೀವಗಳಿಗೆ ಅಲ್ಲಿ ಹಿಡಿತ ಸಿಕ್ಕುವುದಿಲ್ಲ. ಇಂಥ ಸ್ಥಳದಲ್ಲಿ ಹಡಗೊಂದು ಮುಳುಗಿದರೆ ಗಟ್ಟಿಯಾದ ಆಸರೆಯೊಂದು ಒದಗಿದಂತಾಗುತ್ತದೆ. ಮುಳುಗಿದ ಕೆಲವೇ ದಿನಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ತೆಳುವಾದ ಲೋಳೆಯ ಪೊರೆ ಕಬ್ಬಿಣವನ್ನು ಆವರಿಸುತ್ತದೆ. ಆ ಪೊರೆಯ ಮೇಲೆ ಪಾಚಿ ಹಿಡಿಯುತ್ತದೆ. ನೀರಿನಲ್ಲಿ ತೇಲಿಬರುವ ಮರಿಗಳು ಅಂಟಿಕೊಂಡು ಚಿಪ್ಪು ಕಟ್ಟುತ್ತವೆ. ಸ್ಪಂಜು, ಸಿಂಪಿ, ಮೆದು ಹವಳ ಬೆಳೆಯುತ್ತವೆ. ಇವುಗಳ ಸಂದುಗೊಂದುಗಳಲ್ಲಿ ಏಡಿ, ಸೀಗಡಿಗಳು ಮನೆ ಮಾಡುತ್ತವೆ. ಅಡಗಲು ಕತ್ತಲೆಯೂ ತಿನ್ನಲು ಆಹಾರವೂ ಇರುವುದರಿಂದ ಸಣ್ಣ ಮೀನುಗಳು ಹಿಂಡುಹಿಂಡಾಗಿ ಸೇರುತ್ತವೆ. ಅವುಗಳ ಹಿಂದೆ ದೊಡ್ಡ ಮೀನುಗಳು, ಹಾವುಮೀನುಗಳು ಬರುತ್ತವೆ. ನಾವಿಕನ ಕೋಣೆ ಒಂದು ಮೀನಿನ ಬಿಲವಾಗುತ್ತದೆ. ಉಗಿಯ ಕೊಪ್ಪರಿಗೆ ಒಂದು ಊರಾಗುತ್ತದೆ. ಶಂಖ, ಸಿಂಪಿಗಳಂಥ ದ್ವೀಂದ್ರಿಯಗಳಿಂದ ಮೊದಲುಗೊಂಡು ಪಂಚೇಂದ್ರಿಯ ಜಲಚರಗಳವರೆಗೆ ಒಂದು ಪೂರ್ಣ ಸಂಸಾರವೇ ಅಲ್ಲಿ ನೆಲೆಸುತ್ತದೆ. ತರುಣರು ಕಂಡದ್ದು ಸುಳ್ಳಲ್ಲ.

ಆದರೆ ಅದೇ ಗೋವೆಯ ಕಡಲಿನಲ್ಲಿ ಮತ್ತೊಂದು ಭಗ್ನನೌಕೆಯ ಅವಶೇಷವಿದೆ. ಸುಂಚಿ ಎಂಬ ಬಂಡೆಸಾಲಿನ ಬಳಿ 1997-98ರಲ್ಲಿ ದೋನಾ ಪಾವುಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ನೀರಿಗಿಳಿದು ಶೋಧ ನಡೆಸಿದರು. ಹದಿನೇಳನೆಯ ಶತಮಾನದ ಪೋರ್ಚುಗೀಸ್ ಹಡಗೆಂದು ಅವರು ಗುರುತಿಸಿದ ಆ ನೌಕೆಯ ಸ್ಥಳದಲ್ಲಿ ಕಬ್ಬಿಣದ ತೋಪುಗಳು, ಲಂಗರು, ಚೀನೀ ಪಿಂಗಾಣಿಯ ಚೂರುಗಳು, ದೊಡ್ಡ ಮಣ್ಣಿನ ಜಾಡಿಗಳ ಭಾಗಗಳು ದೊರೆತವು. ಅವುಗಳೊಂದಿಗೆ ಆನೆಯ ದಂತಗಳೂ ನೀರುಕುದುರೆಯ ಹಲ್ಲುಗಳೂ ದೊರೆತವು. ನೀರುಕುದುರೆ ನಮ್ಮ ದೇಶದ ಪ್ರಾಣಿಯಲ್ಲ, ಆಫ್ರಿಕದ್ದು. ಹಡಗು ಮುಳುಗುವುದಕ್ಕೆ ಮುನ್ನವೇ ಅದರ ಸರಕಿನಲ್ಲಿ ಹಿಂಸೆ ತುಂಬಿತ್ತು.

ಶ್ರಾವಕಾಚಾರ ಗ್ರಂಥಗಳು ಗೃಹಸ್ಥನು ತೊರೆಯತಕ್ಕ ಹದಿನೈದು ಉದ್ಯೋಗಗಳನ್ನು ಕರ್ಮಾದಾನ ಅಥವಾ ಖರಕರ್ಮವೆಂದು ಹೆಸರಿಸಿವೆ. ಅವುಗಳಲ್ಲಿ ದಂತವಾಣಿಜ್ಯವೂ ಒಂದು. ದಂತವನ್ನು ಕೊಳ್ಳುವವನು ಆನೆಯನ್ನು ತಾನೇ ಕೊಲ್ಲುವುದಿಲ್ಲ. ದೂರದ ಬಂದರಿನಲ್ಲಿ ಕುಳಿತು ಬೆಲೆ ಕಟ್ಟುತ್ತಾನೆ, ಅಷ್ಟೆ. ಆದರೂ ಆಚಾರ್ಯರು ಅವನನ್ನು ಬಿಡಲಿಲ್ಲ. ಕೊಳ್ಳುವವನ ಬೆಲೆಯೇ ಕೊಲ್ಲುವವನ ಕೈಗೆ ಆಯುಧವಾಗುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಬೆಲೆಯ ಈ ಶಕ್ತಿಗೆ ನಮ್ಮ ನೆರೆಯ ಹಂಪೆಯ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟಿರುವಂತೆ, ಸಾಳುವ ನರಸಿಂಹನು ಕಡಲಾಚೆಯಿಂದ ತರಿಸುತ್ತಿದ್ದ ಕುದುರೆಗಳ ಪೈಕಿ ಹಾದಿಯಲ್ಲಿ ಸತ್ತವುಗಳ ಬಾಲವನ್ನು ತಂದು ತೋರಿಸಿದರೂ ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ವ್ಯಾಪಾರಿಗೆ ನಷ್ಟವಾಗಬಾರದೆಂಬ ಅರಸನ ಔದಾರ್ಯ ಇದು. ಆದರೆ ಜೀವವಿದ್ದರೂ ಒಂದೇ ಬೆಲೆ, ಇಲ್ಲದಿದ್ದರೂ ಒಂದೇ ಬೆಲೆ ಎಂದಾದ ಮೇಲೆ ಹಡಗಿನಲ್ಲಿ ಆ ಮೂಕಪ್ರಾಣಿಗೆ ಹೊತ್ತಿಗೆ ಸರಿಯಾಗಿ ನೀರು ಕುಡಿಸಬೇಕೆಂಬ ಕಾಳಜಿ ವ್ಯಾಪಾರಿಗೆ ಎಲ್ಲಿಂದ ಬಂದೀತು?

ಇನ್ನು ನಮ್ಮ ಕಾಲದ, ನಮಗೆ ಇನ್ನೂ ಸಮೀಪದ ಉದಾಹರಣೆಗೆ ಬರೋಣ. 2009ರ ಜುಲೈ ತಿಂಗಳಲ್ಲಿ ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿಯನ್ನು ತುಂಬಿಕೊಂಡು ಹೊರಟ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಮಂಗಳೂರಿನ ಕಡಲಿನಲ್ಲಿ ವಾಲಿ ಮುಳುಗಿತು. ನಾವಿಕರನ್ನು ಕರಾವಳಿ ರಕ್ಷಣಾ ಪಡೆಯವರು ಉಳಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ್ ಬಂದರಿನ ಬಳಿ ಅಂಥದೇ ಸರಕು ತುಂಬಿದ ‘ಬ್ಲ್ಯಾಕ್ ರೋಸ್’ ಮುಳುಗಿತು. ಅವು ಅದಿರಿನ ರಫ್ತು ಉತ್ತುಂಗದಲ್ಲಿದ್ದ ವರ್ಷಗಳು. ದೇಶದಿಂದ ವರ್ಷಕ್ಕೆ ಸುಮಾರು ಹತ್ತು ಕೋಟಿ ಟನ್ ಅದಿರು ಹೊರಹೋಗುತ್ತಿತ್ತು. ಕುದುರೆಮುಖದ ಗಣಿ 2005ರ ಕೊನೆಗೇ ನಿಂತಿದ್ದುದರಿಂದ ನವಮಂಗಳೂರಿಗೆ ಘಟ್ಟದ ಮೇಲಿಂದ ಇಳಿಯುತ್ತಿದ್ದ ಅದಿರಿನಲ್ಲಿ ಹೊಸಪೇಟೆ, ಸಂಡೂರು, ಬಳ್ಳಾರಿ ಸೀಮೆಯ ಪಾಲು ದೊಡ್ಡದಾಗಿತ್ತು. ನಮ್ಮ ರಸ್ತೆಗಳ ಕೆಂಪು ಧೂಳು, ಸಾಲುಗಟ್ಟಿದ ಲಾರಿಗಳು ಯಾರಿಗೂ ಮರೆತಿರಲಾರವು.

ಅದಿರಿನ ಹಡಗು ಏಕೆ ಮುಳುಗುತ್ತದೆ ಎಂಬುದು ವ್ಯಾಪಾರಸ್ಥರು ತಿಳಿಯತಕ್ಕ ವಿಷಯ. ನುಣ್ಣನೆಯ ಪುಡಿ ನೋಡುವುದಕ್ಕೆ ಒಣಗಿದಂತೆ ಕಂಡರೂ ಅದರ ಕಣಗಳ ನಡುವೆ ನೀರಿನ ಅಂಶ ಉಳಿದಿರುತ್ತದೆ. ಬಂದರಿನ ಬಯಲಿನಲ್ಲಿ ಮಳೆಗೆ ನೆನೆದ ರಾಶಿಯಲ್ಲಿ ಅದು ಇನ್ನೂ ಹೆಚ್ಚು. ಹಡಗಿನ ಯಂತ್ರದ ಅದುರುವಿಕೆ, ಅಲೆಗಳ ತೂಗುವಿಕೆಗಳಿಂದ ಪುಡಿ ಒತ್ತೊತ್ತಾಗಿ ಕುಸಿಯುತ್ತಿದ್ದಂತೆ ಆ ನೀರಿಗೆ ಜಾಗ ಸಾಲದೆ ಒತ್ತಡ ಹೆಚ್ಚುತ್ತದೆ. ಗಟ್ಟಿಯಾಗಿದ್ದ ರಾಶಿ ಒಮ್ಮೆಲೇ ಕೆಸರಿನಂತೆ ಹರಿದು ಹಡಗಿನ ಒಂದು ಪಕ್ಕಕ್ಕೆ ಸೇರುತ್ತದೆ. ಹಡಗು ವಾಲುತ್ತದೆ, ಮತ್ತೆ ಸರಿಯಾಗುವುದಿಲ್ಲ. ಇದನ್ನು ತಪ್ಪಿಸುವುದಕ್ಕಾಗಿಯೇ ಇಂಥ ಸರಕಿನಲ್ಲಿ ನೀರಿನಂಶ ಎಷ್ಟರೊಳಗೆ ಇರಬೇಕೆಂಬ ಮಿತಿಯನ್ನು ಗೊತ್ತುಮಾಡಿ, ಸರಕು ಕಳಿಸುವವನು ಪರೀಕ್ಷೆಯ ಪ್ರಮಾಣಪತ್ರ ಕೊಡಬೇಕೆಂದು ಅಂತರರಾಷ್ಟ್ರೀಯ ನಿಯಮ ವಿಧಿಸಿದೆ. 2011ರ ಜನವರಿಯಿಂದ ಆ ನಿಯಮಾವಳಿ ಎಲ್ಲ ಹಡಗುಗಳಿಗೂ ಕಡ್ಡಾಯವಾಯಿತು. ಒಂದು ಕಾಗದದ ಮೇಲಿನ ಒಂದು ಅಂಕೆ ನಿಜವೋ ಸುಳ್ಳೋ ಎಂಬುದರ ಮೇಲೆ ನಾವಿಕರೆಲ್ಲರ ಪ್ರಾಣ ನಿಂತಿರುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ ತೂಕಗಳ ಹೆಚ್ಚುಕಡಿಮೆಯನ್ನೂ ರಾಜ್ಯದ ಕಟ್ಟಳೆಯ ಉಲ್ಲಂಘನೆಯನ್ನೂ ಹಿರಿಯರು ಸೇರಿಸಿದ್ದು ಅಂಗಡಿಯ ತಕ್ಕಡಿಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡಲ್ಲ. ಸುಳ್ಳು ಲೇಖದ ಫಲ ಬರೆದವನ ಮೇಜಿನ ಬಳಿಯೇ ಕಾಣಿಸಿಕೊಳ್ಳಬೇಕೆಂದಿಲ್ಲ. ನೂರಾರು ಹರದಾರಿ ದೂರದ ಕಡಲಿನಲ್ಲಿ ಕಾಣಿಸಿಕೊಳ್ಳಬಹುದು.

ಈಗ ತರುಣರ ಪಕ್ಷವನ್ನು ಅದರ ಪೂರ್ಣ ಬಲದೊಡನೆ ಮುಂದಿಡೋಣ. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಗೆಲ್ಲುವುದು ನ್ಯಾಯವಲ್ಲ. ಅವರು ಹೇಳಬಹುದು: “ದಂತ ತಂದವನೂ ಸತ್ತ, ತರಿಸಿದವನೂ ಸತ್ತ. ಉಳಿದಿರುವುದು ಜೀವಗಳ ನೆಲೆ ಮಾತ್ರ. ಲೋಕದಲ್ಲಿ ಈಗ ಇರುವುದನ್ನು ಎಣಿಸಿದರೆ ಹಿಂಸೆಗಿಂತ ಉಪಕಾರವೇ ಹೆಚ್ಚಾಗಿ ಕಾಣುತ್ತದೆ. ಹೆಚ್ಚಿರುವುದನ್ನು ಹೆಚ್ಚು ಎನ್ನಲು ಸಂಕೋಚವೇಕೆ?” ಈ ವಾದದಲ್ಲಿ ಸತ್ಯಾಂಶವಿದೆ. ಜೀವವು ಎಲ್ಲಿ ನೆಲೆಸಿದರೂ ಆದರಣೀಯ. ಅದು ಯಾರ ಪಾಪದ ಮೇಲೆ ಬೆಳೆಯಿತು ಎಂದು ಕೇಳಿ ನಾವು ದಯೆಯನ್ನು ಅಳೆಯುವುದಿಲ್ಲ.

ಆದರೆ ಲೆಕ್ಕಶಾಸ್ತ್ರ ಕಲಿತವನಿಗೆ ಇಲ್ಲಿ ಒಂದು ದೋಷ ಕೂಡಲೇ ಕಾಣುತ್ತದೆ. ಒಬ್ಬನ ಖಾತೆಯ ಬಾಕಿಯನ್ನು ಮತ್ತೊಬ್ಬನ ಜಮೆಯಿಂದ ತೀರಿಸಲು ಬರುವುದಿಲ್ಲ. ಹಾನಿ ಮಾಡಿದವನು ಮನುಷ್ಯ. ಉಪಕಾರ ಮಾಡಿದ್ದು ಕಡಲು, ಕಾಲ ಮತ್ತು ಆ ಜೀವಗಳ ಪುರುಷಾರ್ಥ. ಅದಿರು ಕಳಿಸಿದವನು ಮೀನಿಗೆ ಮನೆ ಕಟ್ಟಿಸಬೇಕೆಂದು ಕಳಿಸಲಿಲ್ಲ. ದಂತದ ವ್ಯಾಪಾರಿ ಸ್ಪಂಜುಗಳ ಮೇಲಿನ ಕರುಣೆಯಿಂದ ಹಡಗು ಹತ್ತಲಿಲ್ಲ. ನಮ್ಮ ಕರ್ಮಸಿದ್ಧಾಂತದಲ್ಲಿ ಶುಭಾಶುಭ ಬಂಧಕ್ಕೆ ಮುಖ್ಯ ಕಾರಣ ಭಾವ. ಭಾವದಲ್ಲಿಲ್ಲದ ಉಪಕಾರವು ಆಕಸ್ಮಿಕವಾಗಿ ನಡೆದರೆ ಅದು ಉಪಕಾರವೇ, ಆದರೆ ಅವನ ಪುಣ್ಯವಲ್ಲ. ಮನೆಯನ್ನು ಸುಟ್ಟವನು ಆ ಬೂದಿಯಿಂದ ನೆರೆಯವನ ಹೊಲ ಹುಲುಸಾಯಿತೆಂದು ಗೊಬ್ಬರದ ಬೆಲೆ ಕೇಳಲಾರನು.

ಹಾಗಾದರೆ ಭಾವ ಒಳ್ಳೆಯದಿದ್ದರೆ ಸಾಕೇ ಎಂಬ ಮರುಪ್ರಶ್ನೆ ಬರುತ್ತದೆ. ಸಾಲದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಮೀನುಗಳಿಗೆ ನೆಲೆಯಾಗಲೆಂದು ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಟ್ಟುಕಟ್ಟಾಗಿ ಕಡಲಿಗೆ ಇಳಿಸಿದರು. ಕಟ್ಟುಗಳು ಕಿತ್ತುಹೋಗಿ, ಟೈರುಗಳು ಅಲೆಯ ಸೆಳೆತಕ್ಕೆ ಉರುಳಾಡಿ, ಪಕ್ಕದ ಸಹಜ ಹವಳದ ದಿಬ್ಬಗಳನ್ನೇ ಉಜ್ಜಿ ಹಾಳುಮಾಡಿದವು. ದಶಕಗಳ ನಂತರ ಸೈನ್ಯದ ಮುಳುಗುಗಾರರನ್ನು ಇಳಿಸಿ ಅವುಗಳನ್ನು ಮೇಲೆತ್ತಬೇಕಾಯಿತು. ಅಲ್ಲಿ ಜೀವದಯೆಯ ಮಾತಿನೊಳಗೆ ಬೇಡವಾದ ಟೈರುಗಳನ್ನು ಕಣ್ಮರೆ ಮಾಡುವ ಅನುಕೂಲವೂ ಬೆರೆತಿತ್ತು. ಭಾವವೆಂದರೆ ಬಾಯಲ್ಲಿ ಆಡುವ ಸದುದ್ದೇಶವಲ್ಲ. ಈರ್ಯಾಸಮಿತಿಯಲ್ಲಿ ಹೆಜ್ಜೆಯಿಡುವ ಮುನ್ನ ನೆಲ ನೋಡುವಂತೆ, ಮುಂದೇನಾದೀತೆಂದು ಯತ್ನಪೂರ್ವಕ ನೋಡುವುದೂ ಭಾವಶುದ್ಧಿಯ ಭಾಗವೇ. ನೋಡದೆ ಮಾಡಿದ ಒಳಿತಿನಲ್ಲಿ ಪ್ರಮಾದವಿದೆ, ಪ್ರಮಾದವಿದ್ದಲ್ಲಿ ಹಿಂಸೆಯಿದೆ.

ಮುಳುಗಿದ ಹಡಗುಗಳೆಲ್ಲವೂ ಜೀವಗಳಿಗೆ ಆಶ್ರಯವಾಗುತ್ತವೆ ಎಂಬುದೂ ಏಕಾಂತವಾದ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಕಡಲಿನಲ್ಲಿ ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು 600ಕ್ಕೂ ಹೆಚ್ಚು ಕಂಟೇನರುಗಳೊಡನೆ ಮುಳುಗಿದಾಗ ಕೇರಳದ ತೀರಕ್ಕೆ ಬಂದು ಬಿದ್ದದ್ದು ಸಾಸಿವೆಯಂಥ ಪ್ಲಾಸ್ಟಿಕ್ ಹರಳುಗಳು. ಮೀನು, ಹಕ್ಕಿಗಳು ಆಹಾರವೆಂದು ನುಂಗುವ ವಸ್ತು ಅದು. ಶಾಂತಸಾಗರದ ಪಾಲ್ಮೈರಾ ಎಂಬ ಹವಳದ್ವೀಪದಲ್ಲಿ 1991ರಲ್ಲಿ ಮೀನುಗಾರಿಕೆಯ ಒಂದು ಹಡಗು ಮುಳುಗಿತು. ಕ್ರಮೇಣ ಅದರ ಸುತ್ತ ಹವಳವನ್ನು ಹೋಲುವ ಒಂದು ಜೀವಿ ಅತಿಯಾಗಿ ಹಬ್ಬಿ, ಮೂಲದ ಹವಳಗಳನ್ನು ಮುಚ್ಚಿ ಕೊಂದಿತು. ಹಡಗಿನಿಂದ ನೀರಿಗೆ ಸೇರಿದ ಕಬ್ಬಿಣ ಇದಕ್ಕೆ ಒಂದು ಕಾರಣವೆಂದು ವಿಜ್ಞಾನಿಗಳು ಶಂಕಿಸಿ, ಕೊನೆಗೆ ಆ ಭಗ್ನನೌಕೆಯನ್ನು ಅಲ್ಲಿಂದ ತೆಗೆಸಿದರು. ಒಂದೆಡೆ ನೆಲೆಯಾಗುವುದೇ ಇನ್ನೊಂದೆಡೆ ವಿಷವಾಗಬಹುದು. ಆದ್ದರಿಂದ ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ನೋಡದೆ ‘ಮುಳುಗಿದ್ದು ಒಳಿತು’ ಎನ್ನುವುದಾಗಲಿ ‘ಕೆಡುಕು’ ಎನ್ನುವುದಾಗಲಿ ಅನೇಕಾಂತಕ್ಕೆ ಹೊಂದುವುದಿಲ್ಲ.

ಹಾನಿ ಮಾಡಿದವನಿಗೆ ಪುಣ್ಯವಿಲ್ಲ ಎಂದ ಮಾತ್ರಕ್ಕೆ ಅಲ್ಲಿ ನೆಲೆಸಿದ ಜೀವಗಳ ಬಗೆಗೆ ನಮ್ಮ ಕರ್ತವ್ಯ ಕಡಿಮೆಯಾಗುವುದಿಲ್ಲ. ಈ ಎರಡು ಮಾತುಗಳನ್ನು ಬೇರೆಬೇರೆಯಾಗಿ ಹಿಡಿಯಬೇಕು. ಮೊದಲನೆಯದು ಹಿಂದಿನ ಲೆಕ್ಕ, ಎರಡನೆಯದು ಮುಂದಿನ ನಡತೆ. ಕೆಂಪು ಸಮುದ್ರದಲ್ಲಿ 1941ರ ಅಕ್ಟೋಬರಿನಲ್ಲಿ ಬಾಂಬಿನೇಟಿಗೆ ಮುಳುಗಿದ ‘ಥಿಸಲ್‌ಗಾರ್ಮ್’ ಎಂಬ ಬ್ರಿಟಿಷ್ ಸರಕಿನ ಹಡಗು ಇಂದು ಜಗತ್ತಿನ ಮುಳುಗುಗಾರರಿಗೆಲ್ಲ ಪ್ರಸಿದ್ಧ. ಅದರ ಒಡಲಲ್ಲಿ ಸೈನ್ಯದ ಲಾರಿಗಳೂ ಮೋಟಾರ್ ಸೈಕಲುಗಳೂ ಇವೆ. ಅವುಗಳ ಸುತ್ತ ಮೀನುಗಳಿವೆ. ಆದರೆ ನೋಡಲು ಹೋದವರು ನೆನಪಿಗೆಂದು ಬಿಡಿಭಾಗಗಳನ್ನು ಕಿತ್ತು ತಂದರು. ದೋಣಿಗಳನ್ನು ಹಡಗಿನ ಮೈಗೇ ಹಗ್ಗದಿಂದ ಬಿಗಿದು ಅದರ ಭಾಗಗಳನ್ನು ಮುರಿದರು. ಮಾಲೀಕನಿಲ್ಲದ ವಸ್ತು ಎಂಬ ಮಾತು ಅವರ ಸಮಾಧಾನ. ಅಚೌರ್ಯವ್ರತ ಕೇಳುವುದು ವಸ್ತುವಿಗೆ ಮಾಲೀಕನುಂಟೇ ಎಂದಲ್ಲ; ಅದನ್ನು ನಿನಗೆ ಯಾರಾದರೂ ಕೊಟ್ಟರೇ ಎಂದು. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಹಾಗೆ ತಂದುದನ್ನು ಅಂಗಡಿಯಲ್ಲಿ ಕೊಳ್ಳುವುದೂ ಅತಿಚಾರ. ಮುಳುಗಿ ನೂರು ವರ್ಷ ದಾಟಿದ ಅವಶೇಷಗಳನ್ನು ಸಾಧ್ಯವಾದಷ್ಟೂ ಇದ್ದಲ್ಲಿಯೇ ಕಾಪಾಡುವುದು ಮೊದಲ ಆಯ್ಕೆಯಾಗಬೇಕೆಂದು 2001ರ ಯುನೆಸ್ಕೊ ಒಡಂಬಡಿಕೆಯೂ ಹೇಳುತ್ತದೆ. ಅದು ಇತಿಹಾಸದ ದೃಷ್ಟಿಯಿಂದ ಹೇಳಿದ ಮಾತು. ಜೀವದಯೆಯ ದೃಷ್ಟಿಯಿಂದ ನೋಡಿದರೆ ಆ ಮಾತು ಇನ್ನೂ ಗಟ್ಟಿಯಾಗುತ್ತದೆ: ನಾವು ಹಳೆಯ ತೋಪು ಎಂದು ಎತ್ತುವ ವಸ್ತು ಒಂದು ಜೀವದ ಗೋಡೆ.

ನೀರಿಗಿಳಿಯುವ ತರುಣರನ್ನು ಇಳಿಯಬೇಡಿರೆಂದು ತಡೆಯುವುದು ನನ್ನ ಉದ್ದೇಶವಲ್ಲ. ಒಳ್ಳೆಯ ಮುಳುಗುಗಾರನು ತಳಕ್ಕೆ ತಾಗದಂತೆ ದೇಹವನ್ನು ಸಮತೂಕದಲ್ಲಿ ತೇಲಿಸುತ್ತಾನೆ, ಕಾಲಿನ ಬೀಸಿಗೆ ಕೆಸರು ಏಳದಂತೆ ನೋಡುತ್ತಾನೆ, ಏನನ್ನೂ ಮುಟ್ಟುವುದಿಲ್ಲ ಎಂದು ಕೇಳಿದ್ದೇನೆ. ಇದು ಈರ್ಯಾಸಮಿತಿಯ ಜಲರೂಪವೇ ಸರಿ. ಅಷ್ಟು ಎಚ್ಚರವನ್ನು ಕಡಲಿನಲ್ಲಿ ಕಲಿತವನು ಅದನ್ನು ಊರಿನ ಬೀದಿಗೂ ಅಂಗಡಿಗೂ ತಂದರೆ ಲಾಭವೇ.

ಈಗ ನಮ್ಮ ಸೀಮೆಗೆ ಮರಳೋಣ. ಮಲಪನಗುಡಿಯಲ್ಲಿ ವಿಜಯನಗರ ಕಾಲದ ಮೆಟ್ಟಿಲುಬಾವಿಯೊಂದಿದೆ. ಅದು ಕಟ್ಟಿಸಿದವರ ಜೀವದಯೆಯಿಂದ ಆದದ್ದು. ದಾರಿಹೋಕರ ಬಾಯಾರಿಕೆಗೆಂದು ತೋಡಿದ ನೀರು. ಅದರ ಕಲ್ಲಿನ ಸಂದುಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದರೆ ಆ ಉಪಕಾರವು ಮೂಲ ಭಾವದ ಮುಂದುವರಿಕೆಯೇ. ಸಂಡೂರಿನ ಬೆಟ್ಟಗಳಲ್ಲಿ ಅದಿರು ತೆಗೆದ ಕುಳಿಗಳ ಕಥೆ ಬೇರೆ. ಅಲ್ಲಿಯೂ ಮಳೆಯ ನೀರು ನಿಂತು, ಕಪ್ಪೆಗಳು ಕೂಗಿ, ಹಕ್ಕಿಗಳು ಬಂದರೆ ಅದನ್ನು ತೋರಿಸಿ “ನೋಡಿ, ಕೆರೆಯಾಯಿತು” ಎನ್ನಲು ಬರುವುದಿಲ್ಲ. ನೆಲವನ್ನು ಸೀಳುವ ಸ್ಫೋಟಕರ್ಮವೂ ಆ ಹದಿನೈದು ಖರಕರ್ಮಗಳಲ್ಲಿ ಒಂದೆಂಬುದನ್ನು ಇಲ್ಲಿ ನೆನೆಯಬೇಕು. ಕಬ್ಬಿಣವಿಲ್ಲದೆ ನೇಗಿಲೂ ಇಲ್ಲ, ರೈಲೂ ಇಲ್ಲ. ಆದ್ದರಿಂದ ಗಣಿಯೇ ಬೇಡವೆಂದು ಗೃಹಸ್ಥನು ಹೇಳಲಾರನು. ಆದರೆ ಅಗತ್ಯಕ್ಕೆ ತೆಗೆಯುವುದು ಬೇರೆ, ಬೆಲೆ ಏರಿದೆಯೆಂದು ಮಿತಿ ಮೀರಿ ಬಗೆಯುವುದು ಬೇರೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಆಗಿನ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಗಣಿಗಳು ಹಂತಹಂತವಾಗಿ ಮತ್ತೆ ತೆರೆದಾಗ, ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಯನ್ನು ಒಪ್ಪಿ ನಡೆಸುವುದು ಷರತ್ತಾಯಿತು. ಸರಿಪಡಿಸುವುದು ದಾನವಲ್ಲ, ತೀರಿಸಬೇಕಾದ ಬಾಕಿ ಎಂಬ ಲೆಕ್ಕವನ್ನು ನ್ಯಾಯಾಲಯ ಬರೆದಂತಾಯಿತು.

ಈ ಲೆಕ್ಕವನ್ನು ನಮ್ಮ ಸಮಾಜದ ಒಳಗೂ ಬರೆದುಕೊಳ್ಳಬೇಕಾಗಿದೆ. ಅದಿರಿನ ದಿನಗಳಲ್ಲಿ ಗಣಿ, ಲಾರಿ, ಡೀಸೆಲ್, ಬಾಡಿಗೆ, ಬಡ್ಡಿ ಎಂದು ನಾನಾ ದಾರಿಗಳಿಂದ ಹಣ ನಮ್ಮ ಊರುಗಳ ಎಲ್ಲ ಸಮಾಜಗಳ ವರ್ತಕರಿಗೂ ಬಂದಿದೆ. ಅದರಲ್ಲಿ ಒಂದು ಪಾಲು ಬಸದಿಗೆ, ಛತ್ರಕ್ಕೆ, ವಿದ್ಯಾರ್ಥಿನಿಲಯಕ್ಕೆ, ಔಷಧಾಲಯಕ್ಕೆ ಹೋಗಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಪಡೆದವರಿಗೆ ಉಪಕಾರ ಆಗಿಯೇ ಆಗಿದೆ. ಓದಿದ ಹುಡುಗನ ಓದು ಸುಳ್ಳಲ್ಲ, ಗುಣವಾದ ರೋಗಿಯ ಆರೋಗ್ಯ ಸುಳ್ಳಲ್ಲ. ಭಗ್ನನೌಕೆಯಲ್ಲಿ ನೆಲೆಸಿದ ಮೀನಿನಂತೆ ಅವರ ಬಾಳು ನಿರ್ದೋಷ, ರಕ್ಷಣೀಯ. ಆ ವಿದ್ಯಾರ್ಥಿನಿಲಯವನ್ನು ಕೆಡವಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಆದರೆ ಕೊಟ್ಟವನು ಮಾತ್ರ ಗೋಡೆಯ ಮೇಲಿನ ತನ್ನ ಹೆಸರಿನ ಶಿಲಾಫಲಕವನ್ನು ನೋಡಿ ಬಾಕಿ ತೀರಿತೆಂದು ಭಾವಿಸಬಾರದು. ಉಸಿರುಬ್ಬಸದ ಮುದುಕನಿಗೆ, ಧೂಳು ಮುಚ್ಚಿ ಬೆಳೆ ಕಳೆದುಕೊಂಡ ರೈತನಿಗೆ, ಬತ್ತಿದ ತೊರೆಗೆ, ಬೋಳಾದ ಬೆಟ್ಟಕ್ಕೆ ಸಲ್ಲಬೇಕಾದದ್ದು ಸಲ್ಲುವವರೆಗೆ ಆ ಖಾತೆ ತೆರೆದೇ ಇರುತ್ತದೆ. ಒಬ್ಬರಿಗೆ ಕೊಡಬೇಕಾದುದನ್ನು ಇನ್ನೊಬ್ಬರಿಗೆ ಕೊಟ್ಟು ರಸೀದಿ ಪಡೆದರೆ ಸಾಲ ತೀರುವುದಿಲ್ಲ ಎಂಬುದು ಅಂಗಡಿಯ ಗುಮಾಸ್ತನಿಗೂ ತಿಳಿದ ವಿಷಯ.

ಹಾಗಾದರೆ ಮಾಡತಕ್ಕದ್ದೇನು? ಮೂರು ಮಾತುಗಳನ್ನು ಶ್ರಾವಕ ಬಂಧುಗಳ ಮುಂದಿಡುತ್ತೇನೆ. ಮೊದಲನೆಯದು, ಹಾನಿಯನ್ನು ಹಾನಿಯೆಂದೇ ಬರೆಯುವುದು. ಅದರಿಂದ ಮುಂದೆ ಬಂದ ಒಳಿತನ್ನು ಅದರ ಸಾಲಿನಲ್ಲಿ ಕಳೆಯದಿರುವುದು. ಎರಡನೆಯದು, ಆ ಒಳಿತು ಯಾರ ಪ್ರಯತ್ನದಿಂದ ಬಂದಿದ್ದರೂ ಅದನ್ನು ಕಾಪಾಡುವುದು; ಜೀವ ನೆಲೆಸಿದ ಮೇಲೆ ಅದು ಭಗ್ನನೌಕೆಯಲ್ಲ, ಊರು. ಮೂರನೆಯದು, ಮುಂದಿನ ಸರಕಿನ ಮೇಲೆ ರುಜು ಹಾಕುವ ಮುನ್ನ ಅದರ ನೀರಿನಂಶವನ್ನು ನಿಜವಾಗಿ ಅಳೆಯುವುದು. ಇಲ್ಲಿ ನೀರಿನಂಶವೆಂದರೆ ಅದಿರಿನದಷ್ಟೇ ಅಲ್ಲ. ನಾವು ಕೊಳ್ಳುವ, ಮಾರುವ, ಸಾಲ ಕೊಡುವ ಪ್ರತಿಯೊಂದು ವ್ಯವಹಾರದ ಒಳಗೂ ಕಣ್ಣಿಗೆ ಕಾಣದೆ ಉಳಿದಿರುವ ಪರಪೀಡೆಯ ಅಂಶವೆಂದು ತಿಳಿಯಬೇಕು. ದಡದಲ್ಲಿ ನಿಂತಾಗ ರಾಶಿ ಗಟ್ಟಿಯಾಗಿಯೇ ಕಾಣುತ್ತದೆ. ಪರೀಕ್ಷೆ ಮಾಡಿಸುವುದಕ್ಕೆ ದಡದಲ್ಲಿರುವಾಗ ಮಾತ್ರ ಅವಕಾಶ. ಅದಕ್ಕೆ ಬೇಕಾಗುವುದು ಒಂದು ದಿನದ ವಿಳಂಬ, ಸ್ವಲ್ಪ ಖರ್ಚು ಮತ್ತು ಬಂದ ಉತ್ತರವನ್ನು ಇದ್ದಂತೆಯೇ ಕಾಗದದ ಮೇಲೆ ಬರೆಯುವ ಧೈರ್ಯ.